ಗಾಡಿ ಕದಲಿಸಿದ ಐನೋರು

ಕೊಟ್ಟೂರಿನ ನಮ್ಮ ಓಣಿಗೆ ಬಂದು ಗಂಗಾಧರಯ್ಯನವರ ಮನೆ ಎಲ್ಲಿ ಎಂದು ಕೇಳಿದರೆ, ಜನ ಮೊದಲು ನಿಮ್ಮ ಮುಖ ನೋಡುತ್ತಾರೆ. ಆಮೇಲೆ ನೀವು ಯಾವುದರಲ್ಲಿ ಬಂದಿರಿ ಎಂದು ರಸ್ತೆಯ ಕಡೆ ನೋಡುತ್ತಾರೆ. ನಡೆದು ಬಂದಿದ್ದರೆ ಮನೆ ತೋರಿಸುತ್ತಾರೆ. ಹೊಸ ಗಾಡಿಯಲ್ಲಿ ಬಂದಿದ್ದರೆ, ‘ಅವರ ಹತ್ರ ಯಾಕ್ರಿ? ದೇವಸ್ಥಾನದ ಕಡಿ ಬ್ಯಾರೆ ಐನೋರು ಅದಾರ, ಅಲ್ಲಿಗೆ ಹೋಗ್ರಿ’ ಎನ್ನುತ್ತಾರೆ. ಎರಡು ವರ್ಷದ ಹಿಂದೆ ಇದೇ ಜನ ಇದೇ ಮನೆಯ ಮುಂದೆ ತಮ್ಮ ಗಾಡಿಗಳನ್ನು ಸಾಲು ಹಚ್ಚಿ ನಿಲ್ಲಿಸುತ್ತಿದ್ದರು.

ನಾನು ಎದುರು ಮನೆಯವನು. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂದು ಕೂಗಿ ಕೂಗಿ ಗಂಟಲು ಕೆಡಿಸಿಕೊಂಡು ನಿವೃತ್ತನಾದವನು. ಜನರ ಬಗ್ಗೆ ನನಗೆ ಅಂಥ ದೊಡ್ಡ ಅಭಿಪ್ರಾಯವೇನೂ ಇಲ್ಲ. ಚಿಲ್ಲರೆಯ ವಿಷಯ ಬಂದಾಗ ಎಲ್ಲರ ಬಣ್ಣವೂ ಬಯಲಾಗುವುದನ್ನು ನೋಡಿದ್ದೇನೆ. ಆದರೂ ಗಂಗಾಧರಯ್ಯನವರ ವಿಷಯದಲ್ಲಿ ನಮ್ಮ ಜನ ನಡೆದುಕೊಂಡ ರೀತಿಗೆ ನನಗೆ ಇವತ್ತಿಗೂ ಸಿಟ್ಟಿದೆ. ಆ ಸಿಟ್ಟಿನಲ್ಲೇ ಇದನ್ನು ಬರೆಯುತ್ತಿದ್ದೇನೆ.

ಅವರದು ಐನೋರ, ಅಂದರೆ ಜಂಗಮರ ಮನೆತನ. ಅವರ ತಂದೆ ಸೋಮವಾರ ಸೋಮವಾರ ಜೋಳಿಗೆ ಹಾಕಿಕೊಂಡು ಭಕ್ತರ ಮನೆಗಳಿಗೆ ಹೋಗಿ ಬರುತ್ತಿದ್ದರು. ಗಂಗಾಧರಯ್ಯನವರು ಜೋಳಿಗೆ ಹಿಡಿಯಲಿಲ್ಲ. ಗೃಹಪ್ರವೇಶ, ತೊಟ್ಟಿಲು, ಅಂಗಡಿಯ ಪೂಜೆ ಎಂದು ಕರೆದಲ್ಲಿ ಹೋಗುತ್ತಿದ್ದರು. ಸಣ್ಣ ಆಳು, ಮೆತ್ತಗಿನ ಮಾತು. ಕರ್ಪೂರದ ಹೊಗೆ ತಾಗಿದರೆ ಸೀನು ಬರುತ್ತದೆ. ಮಂತ್ರದ ನಡುವೆ ಸೀನಬಾರದೆಂದು ಅವರು ಮೂಗು ಹಿಡಿದುಕೊಂಡು ಒದ್ದಾಡುವುದನ್ನು ನೋಡಿ ನಾವೆಲ್ಲ ನಕ್ಕಿದ್ದೇವೆ. ಇನ್ನೊಂದು ತಮಾಷೆ ಎಂದರೆ ಅವರಿಗೆ ಗಾಡಿಯೇ ಆಗಿಬರುವುದಿಲ್ಲ. ನನ್ನ ಬಸ್ಸು ಹತ್ತಿದರೆ ಕಿಟಕಿ ಪಕ್ಕದ ಸೀಟೇ ಬೇಕು, ಕೈಯಲ್ಲಿ ಒಂದು ನಿಂಬೆಹಣ್ಣು ಬೇಕು. ಹಗರಿಬೊಮ್ಮನಹಳ್ಳಿ ಮುಟ್ಟುವುದರೊಳಗೆ ಆ ಹಣ್ಣನ್ನು ಮೂಸಿ ಮೂಸಿ ಬಾಡಿಸಿಬಿಡುತ್ತಿದ್ದರು.

ಅಂಥವರು ಗಾಡಿ ಪೂಜೆಯಲ್ಲಿ ಹೆಸರಾಗಿದ್ದು ಸುಂಕಪ್ಪನ ಲಾರಿಯಿಂದ. ಐನೋರು ಪೂಜೆ ಮಾಡಿಕೊಟ್ಟ ಆ ಲಾರಿ ಮೆಕ್ಕೆಜೋಳ ತುಂಬಿಕೊಂಡು ಹೋಗುವಾಗ ಕೋಗಳಿ ಹತ್ತಿರ ರಸ್ತೆ ಬಿಟ್ಟು ಕೆಳಗುರುಳಿತು. ಡ್ರೈವರ್ ಒಂದು ಗೀರೂ ಇಲ್ಲದೆ ಎದ್ದು ಬಂದ. ಸುಂಕಪ್ಪ ಊರೆಲ್ಲ ಸಾರಿದ: ‘ಐನೋರ ಕೈಗುಣ ನೋಡ್ರಿ!’ ಲಾರಿ ಉರುಳಿದ್ದು ಯಾರ ಕೈಗುಣ ಎಂದು ನಾನು ಕೇಳಿದೆ. ನನ್ನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಂದಿನಿಂದ ಟ್ರ್ಯಾಕ್ಟರ್, ಬೈಕು, ಆಟೋ, ಕಾರು ಎಲ್ಲವೂ ನಮ್ಮ ಓಣಿಗೆ ಬರತೊಡಗಿದವು. ಗಾಜಿನ ಮೇಲೆ ವಿಭೂತಿ ಎಳೆದು, ಬಾನೆಟ್ಟಿಗೆ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಕೊನೆಗೆ ಕೀಲಿಕೈಯನ್ನು ತಾವೇ ಯಜಮಾನನ ಕೈಗೆ ಕೊಡುವುದು ಅವರ ಪದ್ಧತಿ. ಅವರ ಕೈಯಿಂದ ಕೀಲಿ ತೆಗೆದುಕೊಂಡರೆ ಗಾಡಿ ಬಾಳಿಕೆ ಬರುತ್ತದೆ ಎಂದು ಕೂಡ್ಲಿಗಿಯಿಂದ ಹಡಗಲಿಯವರೆಗೆ ಮಾತಾಯಿತು.

ಅದೇ ಹೊತ್ತಿಗೆ ಶಿವಶಂಕರ ಎಂಬುವವನು ಊರ ಹೊರಗಿನ ರಸ್ತೆಯಲ್ಲಿ ಕಾರುಗಳ ಶೋರೂಮ್ ತೆಗೆದ. ಎಲ್ಲ ಸೆಕೆಂಡ್ ಹ್ಯಾಂಡ್ ಕಾರು. ಆದರೆ ತೊಳೆದು ತಿಕ್ಕಿ ನಿಲ್ಲಿಸಿದರೆ ಮದುವಣಗಿತ್ತಿಯರ ಹಾಗೆ ಹೊಳೆಯುತ್ತಿದ್ದವು. ಶೋರೂಮಿನ ಹೆಸರು ಇಲ್ಲಿ ಬೇಡ. ಶಿವಶಂಕರ ಒಂದು ದಿನ ಹಣ್ಣಿನ ಬುಟ್ಟಿ ಹಿಡಿದುಕೊಂಡು ಐನೋರ ಮನೆಗೆ ಬಂದು ಕಾಲಿಗೆ ಬಿದ್ದ.

‘ಐನೋರ, ಸೋಮವಾರ ಮುಂಜಾನಿ ನಮ್ಮಲ್ಲಿ ಬಂದು ಕುಂದರ್ರಿ. ಆ ದಿನ ಹೊರಗ ಹೋಗೋ ಗಾಡಿಗೆಲ್ಲ ನಿಮ್ಮ ಕೈಲೆ ಪೂಜಿ ಆಗಬೇಕು. ಗಿರಾಕಿ ಹತ್ರ ನಾ ಒಂದು ಪೈಸಾ ತಗಳಂಗಿಲ್ಲ, ನಿಮ್ಮ ದಕ್ಷಿಣಿ ನಂದು’ ಎಂದ.

ಐನೋರ ಹೆಂಡತಿ ನಾಗಲಿಂಗಮ್ಮನಿಗೆ ಸಂತೋಷವಾಯಿತು. ಬಿಸಿಲಲ್ಲಿ ನಿಲ್ಲುವುದು ತಪ್ಪಿತು, ಕೂಡಲು ಕುರ್ಚಿ, ತಲೆಯ ಮೇಲೆ ಫ್ಯಾನು. ಐನೋರಿಗೂ ಸಂತೋಷವೇ. ವ್ಯಾಪಾರಸ್ಥನೊಬ್ಬ ಇಷ್ಟು ಭಕ್ತಿವಂತನಾಗಿದ್ದಾನಲ್ಲ ಎಂದು ನನ್ನ ಹತ್ತಿರ ಹೊಗಳಿದರು. ನನಗೂ ಕೆಲಸವಿರಲಿಲ್ಲ. ಎಷ್ಟೋ ಸೋಮವಾರ ಅವರ ಜೊತೆ ಹೋಗಿ ಶೋರೂಮಿನ ಚಹಾ ಕುಡಿದು ಬಂದಿದ್ದೇನೆ.

ಕುಳಿತಲ್ಲಿಂದಲೇ ಶಿವಶಂಕರನ ವ್ಯಾಪಾರ ನೋಡುತ್ತಿದ್ದೆ. ಗಾಡಿಯ ಬೆಲೆ ಎಷ್ಟು ಎಂದು ಕೇಳಿದರೆ ಅವನು ಬೆಲೆ ಹೇಳುತ್ತಿರಲಿಲ್ಲ. ‘ತಿಂಗಳಿಗೆ ಎಷ್ಟು ಕಟ್ಟಾಕ ಆಗ್ತೈತಿ, ಅದನ್ನ ಹೇಳ್ರಿ ಮೊದ್ಲು’ ಎನ್ನುತ್ತಿದ್ದ. ಅವರು ಅಂಜುತ್ತ ಒಂದು ಮಾತು ಹೇಳಿದರೆ, ‘ಅಷ್ಟರಾಗ ಕುಂದ್ರಸ್ತೀನಿ’ ಎಂದು ಒಳಗೆ ಹೋಗಿ ಬರುತ್ತಿದ್ದ. ಎಷ್ಟು ವರ್ಷ ಕಟ್ಟಬೇಕು, ಕೊನೆಗೆ ಒಟ್ಟು ಎಷ್ಟಾಗುತ್ತದೆ ಎಂಬ ಮಾತೇ ಬರುತ್ತಿರಲಿಲ್ಲ. ಸಾಲ ಬ್ಯಾಂಕಿನಿಂದ ಮಂಜೂರಾಯಿತೇ ಎಂದು ಯಾರಾದರೂ ಕೇಳಿದರೆ, ‘ಆಗೇತಿ ಅಂತನ ತಿಳ್ಕಳ್ರಿ. ದಿನ ಚಲೋ ಐತಿ, ಐನೋರು ಬಂದು ಕುಂತಾರ, ಇವತ್ತ ಗಾಡಿ ಮನಿಗೆ ಒಯ್ಯಿರಿ. ಕಾಗದಾ ಹಿಂದಿಂದ ಬರ್ತಾವ’ ಎನ್ನುತ್ತಿದ್ದ. ನಮ್ಮ ಜನಕ್ಕೆ ಸೋಮವಾರ ಕಳೆದುಹೋದರೆ ಎಂಬ ಆತಂಕ. ಮುಂಗಡ ಕೊಟ್ಟು, ಸಹಿ ಹಾಕಿ, ಐನೋರ ಕೈಯಿಂದ ಕೀಲಿ ಇಸಿದುಕೊಂಡು ಹೋಗಿಬಿಡುತ್ತಿದ್ದರು.

ಗೀತಮ್ಮ ಬಂದದ್ದೂ ಒಂದು ಸೋಮವಾರವೇ. ಕೂಡ್ಲಿಗಿ ಕಡೆಯ ಹಳ್ಳಿಯವಳು. ಮದುವೆ, ಸೀಮಂತ, ತಿಥಿ ಯಾವುದೇ ಇರಲಿ, ದೊಡ್ಡ ಅಡುಗೆಗೆ ಅವಳನ್ನೇ ಕರೆಸುತ್ತಾರೆ. ಈ ಕಡೆ ಇಟ್ಟಿಗಿ, ಆ ಕಡೆ ಚಿಗಟೇರಿ, ಎಲ್ಲಿಯವರೂ ಅವಳ ಕೈಯ ಬದನೆಕಾಯಿ ಪಲ್ಯ ಉಂಡವರೇ. ಅವಳು ಕೊಳಗ, ಸೌಟು, ಹೋಳಿಗೆ ಹಂಚು ಎಲ್ಲ ನನ್ನ ಬಸ್ಸಿನ ಮೇಲೆ ಹೇರುತ್ತಿದ್ದಳು. ಲಗೇಜಿನ ವಿಷಯಕ್ಕೆ ನಮ್ಮಿಬ್ಬರಿಗೆ ಆಗದ ಜಗಳವಿಲ್ಲ. ‘ಕಂಡಕ್ಟರಣ್ಣ, ಒಂದಿನ ನಂದ ಗಾಡಿ ಬರ್ತೈತಿ, ಅವತ್ತು ನಿನಗ ನಾನ ಟಿಕೆಟ್ ಕೊಡ್ತೀನಿ’ ಎನ್ನುತ್ತಿದ್ದಳು. ಆ ಗಾಡಿ ಕೊಳ್ಳಲು ಗಂಡ ಹುಲುಗೇಶನ ಜೊತೆ ಬಂದಿದ್ದಳು. ಬಿಳಿ ಬಣ್ಣದ ವ್ಯಾನು. ಹಿಂದಿನ ಸೀಟು ತೆಗೆದರೆ ಪಾತ್ರೆಗಳೆಲ್ಲ ಹಿಡಿಯುತ್ತವೆ. ಅವಳ ಕೊರಳು ಬರಿದಾಗಿತ್ತು. ಅವ್ವನ ಕಾಲದ ಬೋರಮಾಳ ಸರ ಮಾರಿ ಮುಂಗಡ ತಂದಿದ್ದಳು.

ಐನೋರು ಪೂಜೆ ಮಾಡಿದರು. ಸೀನು ತಡೆದುಕೊಂಡರು. ಕೀಲಿಕೈಯನ್ನು ಹುಲುಗೇಶನಿಗೆ ಕೊಡಲು ಹೋದಾಗ ಅವನು ಹಿಂದೆ ಸರಿದು, ‘ಆಕಿಗೆ ಕೊಡ್ರಿ ಐನೋರ, ಆಕಿದ ದುಡಿಮಿ’ ಎಂದ. ಗೀತಮ್ಮ ಸೆರಗು ಒಡ್ಡಿ ಇಸಿದುಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, ‘ಹತ್ತಣ್ಣ, ಟಿಕೆಟ್ ಇಲ್ಲ’ ಎಂದು ನಕ್ಕಳು. ಅಷ್ಟು ಬಾಯಿ ತುಂಬ ಅವಳು ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಒಂದು ವಾರ ಹೋಯಿತು. ಮಂಗಳವಾರವೋ ಬುಧವಾರವೋ, ನಾನು ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದೆ. ಗಂಡ ಹೆಂಡತಿ ಇಬ್ಬರೂ ಬಸ್ಸಿನಲ್ಲಿ ಬಂದಿಳಿದು ಐನೋರ ಬಾಗಿಲಿಗೆ ಬಂದರು. ಹೊಸ ಗಾಡಿ ಇದ್ದವರು ಬಸ್ಸಿನಲ್ಲಿ ಯಾಕೆ ಬಂದರು ಎಂದು ನಾನೂ ಎದ್ದು ಹೋದೆ.

ಶಿವಶಂಕರ ಫೋನ್ ಮಾಡಿದ್ದನಂತೆ. ಬ್ಯಾಂಕಿನವರು ಸಾಲ ಕೊಡಲು ಒಪ್ಪಲಿಲ್ಲ, ತನ್ನ ಪರಿಚಯದ ಒಂದು ಫೈನಾನ್ಸ್ ಕಂಪನಿ ಇದೆ, ಅವರು ಕೊಡುತ್ತಾರೆ, ಕಂತು ಮಾತ್ರ ಸ್ವಲ್ಪ ಜಾಸ್ತಿ ಎಂದನಂತೆ. ಸ್ವಲ್ಪ ಎಂದರೆ ಮೊದಲು ಹೇಳಿದ್ದರ ಒಂದೂವರೆ ಪಟ್ಟು, ಅದೂ ಇನ್ನೂ ಎರಡು ವರ್ಷ ಹೆಚ್ಚಿಗೆ. ಮದುವೆ ಇಲ್ಲದ ತಿಂಗಳಲ್ಲಿ ಅವಳಿಗೆ ಅಷ್ಟು ದುಡಿಮೆಯೇ ಇರುವುದಿಲ್ಲ. ಮುಂದಿನ ಸೋಮವಾರದೊಳಗೆ ಹೊಸ ಕಾಗದಕ್ಕೆ ಸಹಿ ಹಾಕಬೇಕು, ಇಲ್ಲವಾದರೆ ಗಾಡಿ ತಂದು ಬಿಡಬೇಕು.

ನನಗೆ ತಡೆಯಲಾಗಲಿಲ್ಲ. ‘ತಂದು ಬಿಡವ್ವ! ಅದಕ್ಯಾಕ ಇಷ್ಟು ಯೋಚ್ನಿ?’ ಎಂದೆ.

 ಗೀತಮ್ಮ ಐನೋರನ್ನೇ ನೋಡಿ ಕೇಳಿದಳು: ‘ಐನೋರ, ನೀವು ಪೂಜಿ ಮಾಡಿ ಕೊಟ್ಟ ಗಾಡಿ. ಮನಿ ಮುಂದ ಆರತಿ ಮಾಡಿ ಒಳಗ ಕರಕೊಂಡೀವಿ. ನಮ್ಮ ಅತ್ತಿ ಅದರ ಪಾದಕ್ಕ ನೀರು ಹಾಕ್ಯಾಳ. ವಾಪಸ್ ಕೊಟ್ರ ಬಂದ ಲಕ್ಷ್ಮೀನ್ನ ಹೊರಗ ಹಾಕಿದಂಗ ಆಕ್ಕೈತಿ ಅಂತಾಳ ಅತ್ತಿ. ನೀವ ಹೇಳ್ರಿ, ವಾಪಸ್ ಕೊಡಬೌದ?’

 ಐನೋರು ತಮ್ಮ ತಂದೆ, ಅಜ್ಜ ಏನು ಹೇಳುತ್ತಿದ್ದರೋ ಅದನ್ನೇ ಹೇಳಿದರು: ‘ಪೂಜಿ ಆದದ್ದನ್ನ ವಾಪಸ್ ಕೊಡಬಾರದವ್ವ. ಮನಿಗೆ ಚಲೋ ಅಲ್ಲ.’

‘ಹಂಗಾರ ಸಹಿ ಹಾಕ್ತೀವ್ರಿ’ ಎಂದಳು ಗೀತಮ್ಮ. ಹುಲುಗೇಶ ನೆಲ ನೋಡುತ್ತ ನಿಂತಿದ್ದವನು ಆಗ ಒಂದು ಮಾತು ಹೇಳಿದ: ‘ನಾ ಕೂಡ್ಲಿಗಿ ಬ್ಯಾಂಕಿಗೆ ಹೋಗಿ ಕೇಳಿದ್ನಿ. ನಿನ್ನ ಹೆಸರಿಲೆ, ನಿನ್ನ ಹೆಂಡ್ತಿ ಹೆಸರಿಲೆ ಒಂದು ಅರ್ಜಿನೂ ನಮಗ ಬಂದಿಲ್ಲ ಅಂದ್ರು. ಅರ್ಜಿನ ಹಾಕದ ಅವರು ಒಲ್ಲೆ ಅಂದದ್ದು ಹೆಂಗ್ರಿ?’

 ನಾಗಲಿಂಗಮ್ಮ ಕೊಟ್ಟ ನೀರು ಕುಡಿದು ಇಬ್ಬರೂ ಬಸ್‌ಸ್ಟ್ಯಾಂಡಿನ ಕಡೆ ನಡೆದರು.

ಅವರು ಹೋದ ಮೇಲೆ ನಾನು ಐನೋರಿಗೆ ಬೈದೆ. ಚೆನ್ನಾಗಿಯೇ ಬೈದೆ.  ಅವರು ಚಪ್ಪಲಿ ಮೆಟ್ಟಿಕೊಂಡು ಬಿಸಿಲಲ್ಲೇ ಶೋರೂಮಿನ ಕಡೆ ಹೊರಟರು. ಸೋಮವಾರ ಅಲ್ಲದ ದಿನ ಅವರು ಅಲ್ಲಿಗೆ ಹೋಗಿದ್ದು ಅದೇ ಮೊದಲು. ನಾನೂ ಬೆನ್ನು ಹತ್ತಿದೆ.

ಶಿವಶಂಕರ ಎದ್ದು ಬಂದು ಕೈಮುಗಿದು ಕೂಡಿಸಿದ. ಐನೋರು ಗೀತಮ್ಮನ ಮಾತು ಎತ್ತಿದರು. ಬಡವರು, ಮೊದಲು ಹೇಳಿದ ಕಂತಿನಲ್ಲೇ ಮಾಡಿಕೊಡು ಎಂದು ಬೇಡಿಕೊಂಡರು. ಶಿವಶಂಕರನಿಗೆ ಸಿಟ್ಟು ಬರಲಿಲ್ಲ. ಅವನಿಗೆ ಸಿಟ್ಟು ಬಂದಿದ್ದನ್ನು ನಾನು ನೋಡಿಯೇ ಇಲ್ಲ.

‘ನಾವೇನು ಬಲವಂತ ಮಾಡೀವೇನ್ರಿ ಐನೋರ? ಬ್ಯಾಡಂದ್ರ ಗಾಡಿ ತಂದು ಬಿಡ್ರಿ ಅಂತ ನಾನ ಹೇಳೀನಿ. ಅವ್ರ ಒಲ್ಲೆ ಅಂತಾರ. ಎಲ್ಲರಿಗೂ ಇದನ್ನ ಹೇಳ್ತೀನಿ, ಒಬ್ರೂ ತರಂಗಿಲ್ಲ. ಅದು ನಿಮ್ಮ ಪೂಜಿ ಮ್ಯಾಲ ಜನ ಇಟ್ಟಿರೋ ಭಕ್ತಿ. ಮೊದ್ಲು ಹಿಂಗ ಇರ್ಲಿಲ್ಲ ನೋಡ್ರಿ. ಹತ್ತು ಗಾಡಿ ಹೊರಗ ಹೋದ್ರ ನಾಕೈದು ವಾಪಸ್ ಬರ್ತಿದ್ವು. ನೀವು ಬರಾಕ ಹತ್ತಿದ ಮ್ಯಾಲ ಒಂದ ಒಂದು ಗಾಡಿ ವಾಪಸ್ ಬಂದಿಲ್ಲ!’

ಅವನು ಅದನ್ನು ಹೊಗಳಿಕೆ ಎಂದೇ ಹೇಳಿದ. ನಿಜವಾಗಿಯೂ ಹೊಗಳುತ್ತಿದ್ದ. ಐನೋರ ಮುಖ ಕಳೆಗುಂದಿದ ರೀತಿ ನೋಡಿ ನನಗೇ ಹೆದರಿಕೆಯಾಯಿತು. ಅಲ್ಲಿಯವರೆಗೆ ನಾವಿಬ್ಬರೂ ಜನರನ್ನು ಕಟ್ಟಿಹಾಕುವುದು ಆ ಕಾಗದ, ಆ ಸಹಿ ಎಂದೇ ತಿಳಿದಿದ್ದೆವು. ಕಾಗದದ ಕೆಲಸವನ್ನು ಐನೋರ ಕೈಯಲ್ಲಿದ್ದ ವಿಭೂತಿಯೇ ಮಾಡುತ್ತಿತ್ತು.

ಚಹಾ ಬಂತು, ಅವರು ಮುಟ್ಟಲಿಲ್ಲ.  ಮನೆ ಹತ್ತಿರ ಬಂದ ಮೇಲೆ, ‘ಎಷ್ಟು ಮಂದಿಗೆ ಕೊಟ್ಟೀನಿ ಕೀಲಿನ, ಕಂಡಕ್ಟರ?’ ಎಂದು ಕೇಳಿದರು. ನಾನು ಬೈದದ್ದೇ ಸಾಕಾಗಿತ್ತು ಎಂದುಕೊಂಡು ಮನೆಗೆ ನಡೆದೆ.

ಮೂರು ದಿನ ಅವರು ಸರಿಯಾಗಿ ಊಟ ಮಾಡಲಿಲ್ಲ ಎಂದು ನಾಗಲಿಂಗಮ್ಮ ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡಿದ್ದಳು. ಶನಿವಾರ ಮುಂಜಾನೆ ನಾನು ನಮ್ಮ ಎಮ್ಮೆಯ ಹಾಲು ಕೊಡಲು ಹೋದಾಗ ಅವರ ದೇವರ ಜಗುಲಿಯ ಮೇಲೆ ಹಿಂದಿನ ದಿನ ವ್ರತಕ್ಕೆ ಇಟ್ಟ ಕಳಸ ಇತ್ತು. ಪೂಜೆ ಮುಗಿದ ಮೇಲೆ ಕಳಸವನ್ನು ಹಾಗೇ ಎತ್ತುವಂತಿಲ್ಲ. ಅಕ್ಷತೆ ಹಾಕಿ, ಹೋಗಿ ಬಾ ಎಂದು ಬೇಡಿಕೊಂಡು, ಒಂದಿಷ್ಟು ಸರಿಸಬೇಕು. ಕದಲಿಸುವುದು ಎನ್ನುತ್ತಾರೆ. ಕದಲಿಸಿದ ಮೇಲೆ ದೇವರು ಹೋದಂತೆ, ಉಳಿದದ್ದು ತಂಬಿಗೆ, ನೀರು, ಕಾಯಿ. ಆ ಕಾಯಿ ಒಡೆದು ಸಾರಿಗೂ ಹಾಕಬಹುದು.

‘ಕದಲಿಸ್ರಿ, ಕಾಯಿ ಬೇಕು ಅಡಿಗಿಗೆ’ ಎಂದಳು ನಾಗಲಿಂಗಮ್ಮ. ಐನೋರು ಅಕ್ಷತೆ ಹಾಕಿದರು, ಕಳಸ ಸರಿಸಿದರು. ಆದರೆ ಕೈ ತೆಗೆಯಲಿಲ್ಲ. ಹಾಗೇ ತಂಬಿಗೆ ಹಿಡಿದುಕೊಂಡು ಕುಳಿತರು.

‘ದೇವರನ್ನ ಕರಸ್ತೀವಿ, ಕೆಲಸ ಮುಗಿದ ಮ್ಯಾಲ ಕಳಸ್ತೀವಿ’ ಎಂದರು ಹೆಂಡತಿಗೆ. ‘ದೇವರನ್ನ ಕದಲಿಸಾಕ ಬರ್ತೈತಿ ಅಂದ್ರ ಗಾಡಿ ಕದಲಿಸಾಕ ಯಾಕ ಬರಂಗಿಲ್ಲ?’

ನಾಗಲಿಂಗಮ್ಮ ದಡ್ಡಿಯಲ್ಲ. ಅವಳಿಗೆ ಮೊದಲು ಹೊಳೆದದ್ದು ಮುಂದಿನದೇ. ‘ಹಂಗೊಂದು ಪೂಜಿ ಯಾರು ಮಾಡ್ಯಾರ್ರಿ? ನೀವು ಗಾಡಿ ಕಳಿಸೋ ಐನೋರು ಅಂತ ಆದ್ರ, ನಾಳಿ ಗಾಡಿ ತಂದವರು ನಿಮ್ಮ ಮುಂದ ನಿಂದರ್ತಾರ? ನಿಮ್ಮ ಕೈಗುಣ ಅಂತ ಅನ್ನ ಉಣ್ಣಾಕತ್ತೀವಿ. ಅದನ್ನ ಕಳಕೊಂತೀರೇನು?’

‘ಆ ಕೈಗುಣದಾಗ ಆಕಿ ಸರ ಹೋತಲ್ಲ’ ಎಂದರು ಐನೋರು.

ನಾಗಲಿಂಗಮ್ಮ ಕಾಯಿ ತೆಗೆದುಕೊಂಡು ಒಳಗೆ ಹೋದಳು. 

ಸೋಮವಾರ ಗೀತಮ್ಮನ ವ್ಯಾನು ನಮ್ಮ ಓಣಿಗೆ ಬಂತು. ಐನೋರು ಭಾನುವಾರವೇ ಫೋನ್ ಮಾಡಿಸಿ ಹೇಳಿದ್ದರು: ಸಹಿ ಹಾಕಬೇಡ, ಗಾಡಿ ತಗೊಂಡು ಬಾ, ಅತ್ತೆಯನ್ನೂ ಕರೆದುಕೊಂಡು ಬಾ. ಅವಳ ಅತ್ತೆ ಗಾದೆಮ್ಮ ಹಿಂದೆ ಮುದುಡಿ ಕುಳಿತಿದ್ದಳು. ಐನೋರು ಪೂಜೆ ಸಾಮಾನಿನ ಚೀಲ ಹಿಡಿದು ಮುಂದಿನ ಸೀಟಿನಲ್ಲೇ ಕುಳಿತರು, ಕೈಯಲ್ಲಿ ನಿಂಬೆಹಣ್ಣು. ನಾನೂ ಹಿಂದೆ ಹತ್ತಿಕೊಂಡೆ. ಶೋರೂಮ್ ಮುಟ್ಟುವಷ್ಟರಲ್ಲಿ ಅವರ ಮುಖ ಬಿಳಿಚಿತ್ತು. ಅದು ಗಾಡಿಯದೋ, ಹೆದರಿಕೆಯದೋ ನನಗೆ ತಿಳಿಯಲಿಲ್ಲ.

ಅಂಗಳದಲ್ಲಿ ಆಗಲೇ ಗಿರಾಕಿಗಳಿದ್ದರು. ಚಿಗಟೇರಿ ಕಡೆಯ ಪಾಲಣ್ಣ ಎಂಬುವವನು ಹೆಂಡತಿ, ಮಕ್ಕಳು, ಬೀಗರು ಎಲ್ಲರನ್ನೂ ಕಟ್ಟಿಕೊಂಡು ಕೆಂಪು ಕಾರೊಂದನ್ನು ಒಯ್ಯಲು ಬಂದಿದ್ದ. ಹಾರ ತಂದಿದ್ದರು, ಐನೋರಿಗಾಗಿ ಕಾಯುತ್ತಿದ್ದರು. ಐನೋರು ಅವರಿಗೆ, ‘ಒಂದೀಟು ತಡೀರಿ, ಇದೊಂದು ಮುಗಸ್ತೀನಿ’ ಎಂದರು.

ವ್ಯಾನನ್ನು ಅಂಗಳದ ನಡುವೆ ನಿಲ್ಲಿಸಿ ಪೂಜೆ ಆರಂಭಿಸಿದರು. ಮೊದಲು ಎಲ್ಲರಿಗೂ ಅದು ಮಾಮೂಲಿ ಪೂಜೆಯ ಹಾಗೇ ಕಂಡಿತು. ಕರ್ಪೂರ ಹಚ್ಚಿದರು, ಗಂಟೆ ಬಾರಿಸಿದರು. ಆಮೇಲೆ ಒಣಗಿದ ಹಾರವನ್ನು ಬಿಚ್ಚಿ ತೆಗೆದರು. ಮುಂದೆ ಕಟ್ಟಿದ್ದ ನಿಂಬೆ ಮೆಣಸಿನಕಾಯಿಯ ದಾರ ಹರಿದರು. ಒದ್ದೆ ಬಟ್ಟೆಯಿಂದ ಗಾಜಿನ ಮೇಲಿನ ವಿಭೂತಿ ಒರೆಸತೊಡಗಿದಾಗ ಪಾಲಣ್ಣನ ಬೀಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶಿವಶಂಕರ ಒಳಗಿನಿಂದ ಹೊರಗೆ ಬಂದ.

ಐನೋರು ಗೀತಮ್ಮನ ಕೈಯಲ್ಲಿ, ಗಾದೆಮ್ಮನ ಕೈಯಲ್ಲಿ ಅಕ್ಷತೆ ಕೊಟ್ಟರು. ‘ಬಾನೆಟ್ಟಿನ ಮ್ಯಾಲ ಹಾಕಿ ಕೈ ಮುಗೀರವ್ವ. ಲಕ್ಷ್ಮಿ ನಮ್ಮ ಸಂಗಾಟ ಮನಿಗೆ ಬರಲಿ, ಗಾಡಿ ಕೊಟ್ಟವರ ಹತ್ರ ಹೋಗ್ಲಿ ಅನ್ರಿ’ ಎಂದರು. ಮುದುಕಿ ಅಕ್ಷತೆ ಹಾಕಿದಳು. ‘ಹುಲುಗೇಶ, ಗೇಣಷ್ಟು ಹಿಂದಕ ತಗಿ’ ಎಂದರು. ವ್ಯಾನು ಸ್ವಲ್ಪ ಹಿಂದಕ್ಕೆ ಸರಿಯಿತು.

‘ಕದಲಿತು’ ಎಂದರು ಐನೋರು. ಅವರ ದನಿ ಅಷ್ಟು ದೊಡ್ಡದಾಗಿ ಬಂದದ್ದು ನಾನು ಕೇಳಿದ್ದು ಅದೊಂದೇ ಸಲ. ಕೀಲಿಕೈಯನ್ನು ತಟ್ಟೆಯಲ್ಲಿಟ್ಟು ಶಿವಶಂಕರನ ಮುಂದೆ ಹಿಡಿದರು. ‘ಈಗ ಇದು ಬರೇ ತಗಡು. ತಗೊಳ್ರಿ. ಬಿಡ್ರಿ ಅಂತ ನೀವ ಹೇಳಿದ್ರಿ, ಬಿಟ್ಟೀವಿ. ಈಕಿ ಮುಂಗಡ ಈಕಿಗೆ ಕೊಡ್ರಿ.’

‘ಐನೋರ, ಒಳಗ ಬರ್ರಿ, ಮಾತಾಡೂಣು’ ಎಂದ ಶಿವಶಂಕರ, ನಗುತ್ತಲೇ. ‘ವಾರಗಟ್ಲೆ ಗಾಡಿ ಓಡ್ಸ್ಯಾರ, ಅದಕ್ಕ ಮುಂಗಡದಾಗ ಒಂದೀಟು ಮುರಕೋಬೇಕಾಕ್ಕೈತಿ.’

‘ಬ್ಯಾಂಕಿಗೆ ಅರ್ಜಿ ಹಾಕದನ ಮನಿಗೆ ಕಳಿಸಿದವರು ಯಾರ್ರಿ?’ ಎಂದ ಹುಲುಗೇಶ. ಮೆತ್ತಗಿನ ಆಳು, ಆದರೆ ಆವತ್ತು ಅವನ ಮಾತು ರಸ್ತೆಗೆ ಕೇಳಿಸಿತು.

ಪಾಲಣ್ಣ ತನ್ನ ಹಾರವನ್ನು ಕೆಂಪು ಕಾರಿನ ಮೇಲಿಂದ ಎತ್ತಿ ಕೈಯಲ್ಲಿ ಹಿಡಿದುಕೊಂಡ. ‘ಶಿವಶಂಕರಣ್ಣ, ನನ್ನ ಲೋನ್ ಬ್ಯಾಂಕಿನಿಂದ ಬಂದೈತೋ, ಬರಬೇಕೋ? ಬರೇ ಅಷ್ಟು ಹೇಳು’ ಎಂದ. ಅವನ ಹಿಂದೆ ಇನ್ನೊಬ್ಬರು, ಮತ್ತೊಬ್ಬರು ಅದನ್ನೇ ಕೇಳಿದರು. ನಾನೂ ಸುಮ್ಮನಿರಲಿಲ್ಲ. ಬಸ್ಸಿನಲ್ಲಿ ಕೂಗಿದ ಗಂಟಲು ಇನ್ನೂ ಉಳಿದಿತ್ತು.

ಶಿವಶಂಕರ ಒಳಗೆ ಹೋಗಿ ಗೀತಮ್ಮನ ಮುಂಗಡವನ್ನು ಪೂರಾ ತಂದು ಕೊಟ್ಟ. ಅಂಗಳದಲ್ಲಿ ಜನ ಇಲ್ಲದಿದ್ದರೆ ಅವನು ಕೊಡುತ್ತಿರಲಿಲ್ಲ. ಹೊರಡುವಾಗ ಐನೋರ ಹತ್ತಿರ ಬಂದು, ಕೈಮುಗಿದೇ, ‘ಇನ್ನ ಮ್ಯಾಲ ಬರಬ್ಯಾಡ್ರಿ’ ಎಂದ. ನಾವು ಬಸ್ಸಿಗೆ ಕಾಯುತ್ತ ರಸ್ತೆಯಲ್ಲಿ ನಿಂತಾಗ ಗಾದೆಮ್ಮ ಐನೋರ ಪಾದ ಮುಟ್ಟಿದಳು. ಗೀತಮ್ಮ ಅತ್ತಳು. ನನಗೂ ಕಣ್ಣು ಒದ್ದೆಯಾದವು, ಸುಳ್ಳು ಯಾಕೆ ಹೇಳಲಿ.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಸಂತೋಷದಿಂದ ಬರೆಯುತ್ತಿದ್ದೆ.

ಮುಂದಿನ ವಾರಗಳಲ್ಲಿ ಕೆಲವರು ಬಂದರು, ಹಡಗಲಿ ಕಡೆಯವರು, ಕೂಡ್ಲಿಗಿ ಕಡೆಯವರು. ಮುಖ ತಗ್ಗಿಸಿಕೊಂಡು ಬಂದು, ‘ನಮ್ದೂ ಒಂದು ಕದಲಿಸಬೇಕಿತ್ತು’ ಎನ್ನುತ್ತಿದ್ದರು. ಕೆಲವರಿಗೆ ಮುಂಗಡ ಸಿಕ್ಕಿತು, ಕೆಲವರಿಗೆ ಅರ್ಧ ಸಿಕ್ಕಿತು, ಆಗಲೇ ಸಹಿ ಹಾಕಿದ್ದವರಿಗೆ ಏನೂ ಸಿಗಲಿಲ್ಲ. ಐನೋರು ಯಾರ ಹತ್ತಿರವೂ ದಕ್ಷಿಣೆ ತೆಗೆದುಕೊಳ್ಳಲಿಲ್ಲ. ಆದರೆ ಹೊಸ ಗಾಡಿಯವರು ಬರುವುದು ನಿಂತಿತು. ನಾಗಲಿಂಗಮ್ಮ ಅಂದದ್ದೇ ಆಯಿತು. ಅವರ ಕೈಗುಣ ಈಗ ಬೇರೆಯಾಗಿದೆ, ಅವರ ಕೈ ಬಿದ್ದ, ಕಣ್ಣು ಬಿದ್ದ ಗಾಡಿ ಮನೆಯಲ್ಲಿ ನಿಲ್ಲುವುದಿಲ್ಲ ಎಂದು ಮಾತು ಹುಟ್ಟಿತು. ಊರೆಲ್ಲ ಅವರ ಹೆಸರು ಸಾರಿದ ಸುಂಕಪ್ಪನೇ ಹೊಸ ಲಾರಿ ತಂದಾಗ ನಮ್ಮ ಓಣಿ ಬಿಟ್ಟು ಸುತ್ತು ಹಾಕಿ ಹೋದ. ಐನೋರು ಎದುರಿಗೆ ಬಂದರೆ ಬೈಕಿನವರು ತಲೆ ತಿರುಗಿಸುತ್ತಾರೆ. ಶೋರೂಮಿನಲ್ಲಿ ಸೋಮವಾರ ಬೇರೆ ಐನೋರು ಕೂಡುತ್ತಾರೆ, ಫ್ಯಾನು ಅದೇ, ಕುರ್ಚಿ ಅದೇ. ಮೋಸ ಮಾಡಿದವನ ಅಂಗಳಕ್ಕೆ ಹೋಗಲು ನಮ್ಮ ಜನಕ್ಕೆ ಹೆದರಿಕೆಯಿಲ್ಲ, ಬಿಡಿಸಿದವರ ಮುಂದೆ ಹಾಯಲು ಹೆದರಿಕೆ. ಇದಕ್ಕೆ ಸಿಟ್ಟು ಬರದೆ ಇನ್ನೇನು ಬರಬೇಕು?

ನಾಗಲಿಂಗಮ್ಮ ಈಗ ಶಾವಿಗೆ, ಹಪ್ಪಳ ಮಾಡಿ ಅಂಗಡಿಗಳಿಗೆ ಕೊಡುತ್ತಾಳೆ. ನಾ ಹೇಳಿರಲಿಲ್ಲವೇ ಎಂದು ಒಂದು ದಿನವೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು ಎನ್ನುತ್ತಾರೆ ಐನೋರು.

ಹೋದ ತಿಂಗಳು ಗೀತಮ್ಮ ಬಂದಳು. ಕೈಯಲ್ಲಿ ದೊಡ್ಡ ಡಬ್ಬಿ, ಹೋಳಿಗೆ, ಕೋಸಂಬರಿ, ಬದನೆಕಾಯಿ ಪಲ್ಯ. ಐನೋರು ಕಟ್ಟೆಯ ಮೇಲೆ ನನ್ನ ಜೊತೆ ಕುಳಿತಿದ್ದರು. ಅವಳ ಮುಖ ಅರಳಿತ್ತು, ಆದರೆ ಕಣ್ಣು ಎಲ್ಲೋ ಹೊರಳುತ್ತಿತ್ತು. ಐನೋರಿಗೆ ನಮಸ್ಕಾರ ಮಾಡಿ, ಬ್ಯಾಂಕಿನಿಂದ ಮೊದಲು ಸಾಲ ಮಾಡಿಸಿಕೊಂಡು, ಕಾಗದ ಎಲ್ಲ ಓದಿಸಿ, ಹರಪನಹಳ್ಳಿಯಲ್ಲಿ ಒಬ್ಬರ ಹತ್ತಿರ ವ್ಯಾನು ತೆಗೆದುಕೊಂಡೆವು ಎಂದಳು. ‘ನೀವ ಹೇಳಿಕೊಟ್ಟದ್ದು ಐನೋರ. ನೀವಿಲ್ಲದಿದ್ರ ನಾವು ಮುಳುಗಿ ಹೋಗ್ತಿದ್ವಿ.’

ಐನೋರ ಮುಖ ಬೆಳಗಿತು. ಎದ್ದು ನಿಂತರು. ‘ಎಲ್ಲೈತವ್ವ ಗಾಡಿ? ತಡಿ, ವಿಭೂತಿ ತರ್ತೀನಿ’ ಎಂದು ಒಳಗೆ ಹೊರಟರು.

ಗೀತಮ್ಮ ಡಬ್ಬಿಯ ಮುಚ್ಚಳವನ್ನೇ ತಿರುಗಿಸುತ್ತ ನಿಂತಳು. ‘ಗಾಡಿ ಬಸ್‌ಸ್ಟ್ಯಾಂಡಿನ್ಯಾಗ ನಿಂದ್ರಿಸೀವ್ರಿ. ಪೂಜಿ... ಮುಂಜಾನಿ ದೇವಸ್ಥಾನದ ಹತ್ರ ಮಾಡಿಸಿದ್ವಿ. ನಮ್ಮ ಅತ್ತಿ ಒಲ್ಲೆ ಅಂದ್ಲು ಐನೋರ. ವಯಸ್ಸಾದಾಕಿ. ತಪ್ಪು ತಿಳ್ಕಬ್ಯಾಡ್ರಿ.’

ಆವತ್ತು ರಸ್ತೆಯಲ್ಲಿ ಅವರ ಪಾದ ಮುಟ್ಟಿದ ಅದೇ ಗಾದೆಮ್ಮ. ನನಗೆ ಮೈಯೆಲ್ಲ ಉರಿಯಿತು, ಬಾಯಿ ತೆಗೆದೆ. ಐನೋರು ನನ್ನ ಕೈ ಹಿಡಿದು ಅಮುಕಿದರು.

‘ಚಲೋ ಮಾಡಿದ್ರಿ’ ಎಂದರು. ಒಳಗಿನಿಂದ ವಿಭೂತಿ ತಂದು ಅವಳ ಹಣೆಗೆ ಹಚ್ಚಿದರು. ಡಬ್ಬಿಯನ್ನು ನಾಗಲಿಂಗಮ್ಮನ ಕೈಗೆ ಕೊಟ್ಟರು. ಆಮೇಲೆ ಹೇಳಿದರು: ‘ಬಸ್‌ಸ್ಟ್ಯಾಂಡಿನಿಂದ ನಿಮ್ಮೂರಿಗೆ ಹೋಗಾಕ ಈ ಓಣಿನ ಹತ್ರ. ಸುತ್ತು ಹಾಕಿ ಡೀಸೆಲ್ ಸುಡಬ್ಯಾಡ್ರಿ. ಇಲ್ಲೇ ಹಾದು ಹೋಗ್ರಿ. ನಾ ಬಾಗಿಲು ಹಾಕ್ಕೊಂಡಿರ್ತೀನಿ.’

 ಗೀತಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೋದಳು.

ಐನೋರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಕಟ್ಟೆಯ ಮೇಲೇ ಕುಳಿತೆ. ಸ್ವಲ್ಪ ಹೊತ್ತಿಗೆ ವ್ಯಾನು ಬಂತು, ಹಾರ ಹಾಕಿಕೊಂಡು, ಪಾತ್ರೆಗಳ ಸದ್ದು ಮಾಡುತ್ತ. ಅವರ ಮನೆಯ ಮುಂದೆ ಹುಲುಗೇಶ ವೇಗ ಹೆಚ್ಚಿಸಿದ. ಆ ಸದ್ದು ಪೂರಾ ಅಡಗುವವರೆಗೂ ಐನೋರು ಬಾಗಿಲು ತೆಗೆಯಲಿಲ್ಲ.